ಯಾವ ಕೆಲಸಕ್ಕೆ ಯಾವ ಪಾಲಿಮರ್ ಕ್ಲೇ?

ಪಾಲಿಮರ್ ಕ್ಲೇ ಎಂದರೆ ಕೈಯಲ್ಲಿ ಆಕಾರ ಕೊಟ್ಟು, ಓವನ್ನಿನಲ್ಲಿ ಬೇಕ್ ಮಾಡಿ ಗಟ್ಟಿಮಾಡುವ ಪ್ಲಾಸ್ಟಿಕ್ ಮುದ್ದೆ. ಅದನ್ನು ಕೊಳ್ಳಲು ಹೋದವರು ಮೊದಲು ಪೊಟ್ಟಣವನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಮೆತ್ತಗಿದ್ದರೆ ತೆಗೆದುಕೊಳ್ಳುತ್ತಾರೆ, ಗಟ್ಟಿಯಿದ್ದರೆ ಅಲ್ಲೇ ಇಡುತ್ತಾರೆ. ನಾನೂ ಬಹಳ ದಿನ ಹಾಗೇ ಆರಿಸುತ್ತಿದ್ದೆ. ಹಾಗೆ ತಂದ ಒಂದು ಮೆತ್ತನೆಯ ಕ್ಲೇಯಲ್ಲಿ ಎಲೆಯಾಕಾರದ ಕಿವಿಯೋಲೆ ಮಾಡಿ ಅಕ್ಕನಿಗೆ ಕೊಟ್ಟಿದ್ದೆ. ಎರಡು ಮಿಲಿಮೀಟರ್ ದಪ್ಪ. ಸೂಜಿಯಿಂದ ಒಂದೊಂದೇ ನರ ಗೀರಿ, ಬೇಕ್ ಮಾಡಿದ ಮೇಲೆ ಅಂಚನ್ನು ಉಜ್ಜಿ ನುಣುಪು ಮಾಡಿದ್ದು. ಮೂರನೇ ದಿನ ಅವಳ ಸ್ವೆಟರಿನ ನೂಲಿಗೆ ಸಿಕ್ಕಿ, ತೊಟ್ಟಿನ ಹತ್ತಿರ ಚಟ್ಟನೆ ಮುರಿಯಿತು. ಮುರಿದ ಜಾಗ ನೋಡಿದರೆ ಸೀಮೆಸುಣ್ಣ ಮುರಿದ ಹಾಗೆ ಒರಟೊರಟು.

ಅದೇ ವಾರ, ಗಟ್ಟಿ ಎಂದು ಬೇಸರಪಟ್ಟು ಮೂಲೆಗೆ ಎಸೆದಿದ್ದ ಇನ್ನೊಂದು ಕ್ಲೇಯನ್ನು ಹೊರತೆಗೆದೆ. ಅದನ್ನು ನಾದಿ ಹದಕ್ಕೆ ತರುವಷ್ಟರಲ್ಲಿ ಅಂಗೈ ಕೆಂಪಾಯಿತು. ಅಷ್ಟೇ ದಪ್ಪದ ಪಟ್ಟಿ ಮಾಡಿ ಬೇಕ್ ಮಾಡಿದೆ. ಆರಿದ ಮೇಲೆ ಎರಡೂ ತುದಿ ಹಿಡಿದು ಬಗ್ಗಿಸಿದರೆ ಬಿಲ್ಲಿನ ಹಾಗೆ ಬಾಗಿತು, ಬಿಟ್ಟರೆ ನೆಟ್ಟಗಾಯಿತು. ಅಂದಿನಿಂದ ನನ್ನ ಪ್ರಶ್ನೆ ಬದಲಾಯಿತು. ಈ ಕ್ಲೇ ಕೈಗೆ ಎಷ್ಟು ಹಿತ ಎನ್ನುವುದು ಆಮೇಲಿನ ಮಾತು. ಮಾಡುವ ವಸ್ತು ಓವನ್‌ನಿಂದ ಹೊರಬಂದ ಮೇಲೆ ಏನೇನು ತಡೆದುಕೊಳ್ಳಬೇಕು ಎನ್ನುವುದು ಮೊದಲ ಮಾತು. ಎಳೆತವೇ, ಬೀಳುವುದೇ, ಬರೀ ಕಪಾಟಿನಲ್ಲಿ ಕೂತಿರುವುದೇ?

ಇದು ಹೆಸರಿಗೆ ಕ್ಲೇ, ಮೂಲದಲ್ಲಿ ಮಣ್ಣಲ್ಲ. ಪಿವಿಸಿ ಪ್ಲಾಸ್ಟಿಕ್ಕಿನ ಸೂಕ್ಷ್ಮ ಪುಡಿ, ಅದನ್ನು ಮೆತ್ತಗಿಡುವ ಪ್ಲಾಸ್ಟಿಸೈಜರ್ ಎಂಬ ದ್ರವ, ಜೊತೆಗೆ ಬಣ್ಣ ಮತ್ತು ಒಂದಿಷ್ಟು ಭರ್ತಿಯ ಪುಡಿ. ಇದರಲ್ಲಿ ನೀರಿಲ್ಲ, ಆದ್ದರಿಂದ ಗಾಳಿಗೆ ಇಟ್ಟರೂ ಒಣಗಿ ಗಟ್ಟಿಯಾಗುವುದಿಲ್ಲ. ಕಾವು ತಗುಲಿದಾಗ ಪಿವಿಸಿ ಕಣಗಳು ಪ್ಲಾಸ್ಟಿಸೈಜರ್ ಹೀರಿ ಉಬ್ಬಿ, ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಬೆಸುಗೆ ಪೂರ್ತಿಯಾದರೆ ವಸ್ತು ಬಾಗುತ್ತದೆ, ಅರ್ಧಕ್ಕೆ ನಿಂತರೆ ಮುರಿಯುತ್ತದೆ. ಮೆತ್ತನೆಯ ಕ್ಲೇ, ಗಟ್ಟಿ ಕ್ಲೇ ಎಂಬ ವ್ಯತ್ಯಾಸವೆಲ್ಲ ಈ ಪದಾರ್ಥಗಳನ್ನು ಎಷ್ಟೆಷ್ಟು ಬೆರೆಸಿದ್ದಾರೆ ಎನ್ನುವುದರಿಂದ ಬರುವುದು.

ಹಾಗಾಗಿ ಕ್ಲೇಯನ್ನು ದೂರುವ ಮೊದಲು ಓವನ್ನನ್ನು ನೋಡಿ. "ಈ ಬ್ರ್ಯಾಂಡ್ ಸರಿಯಿಲ್ಲ, ಮುರಿಯುತ್ತದೆ" ಎಂದು ಹೇಳಿಕೊಂಡು ಬಂದ ಎಷ್ಟೋ ತುಣುಕುಗಳನ್ನು ನಾನು ಸರಿಯಾದ ಉಷ್ಣತೆಯಲ್ಲಿ ಇನ್ನೊಮ್ಮೆ ಬೇಕ್ ಮಾಡಿ ಕೊಟ್ಟಿದ್ದೇನೆ, ಅವು ಗಟ್ಟಿಮುಟ್ಟಾಗಿ ಮರಳಿವೆ. ಪಾಲಿಮರ್ ಕ್ಲೇಯನ್ನು ಎರಡು ಸಲ, ಮೂರು ಸಲ ಬೇಕ್ ಮಾಡಿದರೂ ತೊಂದರೆಯಿಲ್ಲ. ಓವನ್ನಿನ ಗುಂಡಿ ತೋರಿಸುವ ಅಂಕಿಗೂ ಒಳಗಿನ ನಿಜವಾದ ಕಾವಿಗೂ ಅಂತರವಿರುವುದು ಮಾಮೂಲು. ಒಳಗಿಡುವ ಚಿಕ್ಕ ಓವನ್ ಥರ್ಮಾಮೀಟರ್ ಒಂದನ್ನು ಕ್ಲೇಗಿಂತ ಮೊದಲು ಕೊಳ್ಳಿ.

ಒಂದೊಂದು ಕ್ಲೇಗೆ ಒಂದೊಂದು ಕಾವು. ಜರ್ಮನಿಯ ಸ್ಟೆಡ್ಲರ್ ತಯಾರಿಸುವ ಫಿಮೋಗೆ 110 ಡಿಗ್ರಿ ಸೆಲ್ಸಿಯಸ್. ಅಮೆರಿಕದ ಪಾಲಿಫಾರ್ಮ್ ಕಂಪನಿಯ ಸ್ಕಲ್ಪಿ, ಪ್ರೀಮೋ, ಸೂಫ್ಲೇ ಇವಕ್ಕೆ ಸುಮಾರು 130. ಬೆಲ್ಜಿಯಂನ ಸೆರ್ನಿಟ್‌ಗೆ 110ರಿಂದ 130. ಜರ್ಮನಿಯದೇ ಆದ ಪಾರ್ಡೋಗೆ 120. ಕೇಟೋ ಪಾಲಿಕ್ಲೇಗೆ ಎಲ್ಲಕ್ಕಿಂತ ಹೆಚ್ಚು, 150ರ ಆಸುಪಾಸು. ಸಮಯದ ಲೆಕ್ಕ ಸಾಮಾನ್ಯವಾಗಿ 6 ಮಿಲಿಮೀಟರ್ ದಪ್ಪಕ್ಕೆ 30 ನಿಮಿಷ. ಕಾವು ಸರಿಯಿದ್ದರೆ ಹೆಚ್ಚು ಹೊತ್ತು ಬಿಟ್ಟರೆ ಹಾನಿಯಿಲ್ಲ, ಲಾಭವೇ. ನಾನು ತೆಳ್ಳಗಿನ ಕಿವಿಯೋಲೆಯನ್ನೂ ಮುಕ್ಕಾಲು ಗಂಟೆ ಬಿಡುತ್ತೇನೆ. ಬಿಳಿ ಮತ್ತು ಅರೆಪಾರದರ್ಶಕ ಬಣ್ಣಗಳು ಕಂದಾಗದಂತೆ ಮೇಲೆ ಅಲ್ಯೂಮಿನಿಯಂ ಫಾಯಿಲ್ ಅನ್ನು ಡೇರೆಯ ಹಾಗೆ ಕವುಚಿಡುತ್ತೇನೆ.

ಕಿವಿಯೋಲೆ, ಪೆಂಡೆಂಟ್, ತೆಳ್ಳಗಿನ ಎಲ್ಲವೂ

ಮೈಮೇಲೆ ಧರಿಸುವ ವಸ್ತುವಿಗೆ ಬಾಗುವ ಗುಣ ಬೇಕೇ ಬೇಕು. ಇಲ್ಲಿ ನನ್ನ ಮೊದಲ ಆಯ್ಕೆ ಪ್ರೀಮೋ. ಬೇಗ ಹದಕ್ಕೆ ಬರುತ್ತದೆ, ಹಾಗೆಂದು ಕೈಗೆ ಅಂಟುವಷ್ಟು ಮೆತ್ತಗಲ್ಲ. ಬೆಂದ ಮೇಲೆ ಚೆನ್ನಾಗಿ ಬಾಗುತ್ತದೆ. ಹೊಸಬರಿಗೂ ಒಗ್ಗುತ್ತದೆ, ಪಳಗಿದವರೂ ಬಿಡುವುದಿಲ್ಲ.

ಅದೇ ಕಂಪನಿಯ ಸೂಫ್ಲೇ ಇನ್ನೂ ಹಗುರ. ಬೆಂದ ಮೇಲೆ ಅದರ ಮೈ ಹೊಳೆಯುವುದಿಲ್ಲ, ನುಣುಪು ತೊಗಲನ್ನು ಮುಟ್ಟಿದ ಹಾಗಿರುತ್ತದೆ. ದೊಡ್ಡ ದೊಡ್ಡ ಓಲೆ ಮಾಡುವವರಿಗೆ ಇದನ್ನೇ ಹೇಳುತ್ತೇನೆ. ಮೂರು ಇಂಚಿನ ಓಲೆಯಲ್ಲಿ ಒಂದೆರಡು ಗ್ರಾಂ ಉಳಿದರೂ ಸಂಜೆಯ ಹೊತ್ತಿಗೆ ಕಿವಿಗೆ ಅದು ಗೊತ್ತಾಗುತ್ತದೆ. ಆದರೆ ಗಾಜಿನಂತೆ ಹೊಳಪು ಬರಿಸಬೇಕು ಎಂದಿದ್ದರೆ ಸೂಫ್ಲೇ ಬೇಡ. ಅದರ ಸೊಗಸೇ ಹೊಳಪಿಲ್ಲದಿರುವುದು.

ಫಿಮೋ ವಿಷಯದಲ್ಲಿ ಪೊಟ್ಟಣದ ಮೇಲಿನ ಎರಡನೇ ಪದ ಓದದೆ ಕೊಳ್ಳಬೇಡಿ. ಫಿಮೋ ಸಾಫ್ಟ್, ಫಿಮೋ ಪ್ರೊಫೆಷನಲ್, ಫಿಮೋ ಎಫೆಕ್ಟ್, ಫಿಮೋ ಕಿಡ್ಸ್ ಎಲ್ಲವೂ ಬೇರೆ ಬೇರೆ. ಫಿಮೋ ಏರ್ ಎನ್ನುವುದಂತೂ ಗಾಳಿಗೆ ಒಣಗುವ ಬೇರೆಯದೇ ವಸ್ತು, ಈ ಸಾಲಿಗೇ ಸೇರುವುದಿಲ್ಲ. ಆಭರಣಕ್ಕೆ ಪ್ರೊಫೆಷನಲ್ ಒಳ್ಳೆಯದು. ನಾದುವುದು ಕಷ್ಟ, ಆದರೆ ಚಾಕುವಿನಿಂದ ಕತ್ತರಿಸಿದ ಅಂಚು ಕತ್ತರಿಸಿದ ಹಾಗೆಯೇ ನಿಲ್ಲುತ್ತದೆ. ಬಣ್ಣ ಬೆರೆಸಿ ತಮ್ಮದೇ ಛಾಯೆ ಕಟ್ಟಿಕೊಳ್ಳುವವರಿಗಾಗಿ ಇದರಲ್ಲಿ 'ಟ್ರೂ' ಎಂಬ ಮೂಲವರ್ಣಗಳಿವೆ. ಬೆರೆಸಿದಾಗ ಅವು ಮಣ್ಣುಮಣ್ಣಾಗುವುದಿಲ್ಲ.

ಸೆರ್ನಿಟ್ ಬೆಂದ ಮೇಲೆ ಬಹಳ ಬಲವಾಗುತ್ತದೆ. ಒಂದು ಮಿಲಿಮೀಟರಿನ ಹೂವಿನ ಪಕಳೆ ಮಾಡುವುದಿದ್ದರೆ ನಾನು ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಇದಕ್ಕಿರುವ ತೊಂದರೆ ಒಂದೇ, ಕೈಯ ಬಿಸಿಗೆ ಬೇಗ ಸೋಲುತ್ತದೆ. ಹದವಾಗಿದ್ದ ತುಂಡು ಹತ್ತು ನಿಮಿಷದಲ್ಲಿ ಬೆರಳಿಗೆ ಅಂಟತೊಡಗುತ್ತದೆ. ಆಗ ಹಟ ಹಿಡಿದು ಮುಂದುವರಿಸಬೇಡಿ. ತಣ್ಣನೆಯ ಟೈಲ್ಸ್ ಮೇಲೆ ಇಟ್ಟು ಸ್ವಲ್ಪ ಹೊತ್ತು ಬೇರೆ ಕೆಲಸ ಮಾಡಿ.

ಈ ಸಾಲಿನಲ್ಲಿ ಬಾರದೆ ಇರುವುದು ಸ್ಕಲ್ಪಿ ತ್ರೀ. ಬಣ್ಣಗಳು ಮುದ್ದಾಗಿವೆ, ಬೆಣ್ಣೆಯಂತೆ ಮೆತ್ತಗಿದೆ. ಆದರೆ ತೆಳ್ಳಗೆ ಮಾಡಿದರೆ ಬಾಗುವ ಬದಲು ಮುರಿಯುತ್ತದೆ. ಗುಂಡುಮಣಿಗೆ ಸರಿ, ತೂಗಾಡುವ ಎಲೆಗೆ ಸರಿಯಲ್ಲ.

ಕೇನ್ ಕೆಲಸ: ಇಲ್ಲಿ ಗಟ್ಟಿತನವೇ ಗುಣ

ಬೇರೆ ಬೇರೆ ಬಣ್ಣದ ಕಡ್ಡಿ, ಹಾಳೆಗಳನ್ನು ಜೋಡಿಸಿ ದಪ್ಪನೆಯ ಉರುಳೆ ಕಟ್ಟಿ, ಅದನ್ನು ಒತ್ತಿ ಎಳೆದು ಸಣ್ಣದು ಮಾಡಿ, ಅಡ್ಡಲಾಗಿ ಕತ್ತರಿಸಿದರೆ ಪ್ರತಿ ಬಿಲ್ಲೆಯಲ್ಲೂ ಅದೇ ಚಿತ್ರ. ಗಾಜಿನ ಮಿಲೆಫಿಯೋರಿ ಕಲೆಯಿಂದ ಬಂದ ಈ ವಿಧಾನವನ್ನು ಕೇನ್ ಎನ್ನುತ್ತಾರೆ. ಪಾಲಿಮರ್ ಕ್ಲೇಯಲ್ಲಿ ನನ್ನನ್ನು ಕಟ್ಟಿಹಾಕಿದ ಕೆಲಸವೆಂದರೆ ಇದು. ಐದು ಇಂಚು ಅಗಲದ ಹೂವು ಅರ್ಧ ಇಂಚಿಗೆ ಇಳಿದು, ಮೊದಲ ಬಿಲ್ಲೆ ಬ್ಲೇಡಿನಿಂದ ಕಳಚಿ ಬಿದ್ದಾಗ ಒಳಗಿನ ಕೇಸರಗಳು ಒಂದೊಂದೂ ಬಿಡಿಬಿಡಿಯಾಗಿ ಕಂಡರೆ ಆಗುವ ಸಂತೋಷವೇ ಬೇರೆ.

ಆ ಕೇಸರ ಕಾಣಬೇಕಾದರೆ ಕ್ಲೇ ಗಟ್ಟಿಯಿರಬೇಕು. ಮೆತ್ತನೆಯದಾದರೆ ಎಳೆಯುವಾಗ ಗೆರೆಗಳು ಒಂದರೊಳಗೊಂದು ಕದಡುತ್ತವೆ, ಕತ್ತರಿಸುವಾಗ ಬ್ಲೇಡ್ ಬಣ್ಣವನ್ನು ಒರೆಸಿಕೊಂಡು ಹೋಗುತ್ತದೆ. ಕೇಟೋ ಪಾಲಿಕ್ಲೇ ಮೂಡಿದ್ದೇ ಇಂಥ ಕೆಲಸಕ್ಕೆ. ಅಮೆರಿಕದ ಕಲಾವಿದೆ ಡೋನಾ ಕೇಟೋ ರೂಪಿಸಿದ ಕ್ಲೇ ಇದು, ಹೆಸರೂ ಅವರದೇ. ಪೊಟ್ಟಣದಿಂದ ತೆಗೆದಾಗ ಕಲ್ಲಿನಂತಿರುತ್ತದೆ, ಅಂಚಿನಿಂದ ಪುಡಿ ಉದುರುವುದೂ ಉಂಟು. ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಮರದ ಸುತ್ತಿಗೆಯಿಂದ ಬಡಿದು, ಆಮೇಲೆ ಹಿಟ್ಟನ್ನು ಹಾಳೆಯಾಗಿ ಒತ್ತುವ ಪಾಸ್ತಾ ಮೆಷಿನ್ನಿನಲ್ಲಿ ಮತ್ತೆ ಮತ್ತೆ ಹಾಯಿಸಬೇಕು. ವಾಸನೆಯೂ ಉಳಿದವಕ್ಕಿಂತ ಗಾಢ. ಇಷ್ಟು ಸಹಿಸಿಕೊಂಡರೆ ಚಿತ್ರ ಕೂದಲೆಳೆಯಷ್ಟು ಸ್ಪಷ್ಟ, ಬೆಂದ ವಸ್ತುವೂ ಬಲು ಗಟ್ಟಿ. ಇಷ್ಟು ಶಕ್ತಿ ಕೈಯಲ್ಲಿಲ್ಲ ಎನ್ನುವವರಿಗೆ ಫಿಮೋ ಪ್ರೊಫೆಷನಲ್ ನಡುವಿನ ದಾರಿ. ಪ್ರೀಮೋದಲ್ಲಿಯೂ ಕೇನ್ ಬರುತ್ತದೆ, ಬೇಸಿಗೆಯಲ್ಲಿ ಮಾತ್ರ ತಾಳ್ಮೆ ಬೇಕು: ಕಟ್ಟಿದ ಕೇನನ್ನು ಒಂದು ರಾತ್ರಿ ಬಿಟ್ಟು, ಕತ್ತರಿಸುವ ಮುನ್ನ ಫ್ರಿಜ್ಜಿನಲ್ಲಿ ತಣಿಸಿ.

ಯಾವ ಬ್ರ್ಯಾಂಡ್ ಎನ್ನುವುದಕ್ಕಿಂತಲೂ ಮುಖ್ಯವಾದ ಮಾತೊಂದಿದೆ. ಒಂದು ಕೇನಿನೊಳಗಿನ ಎಲ್ಲ ಬಣ್ಣಗಳೂ ಒಂದೇ ಹದದಲ್ಲಿರಬೇಕು. ಒಂದೇ ಬ್ರ್ಯಾಂಡಿನಲ್ಲೂ ಬಿಳಿ ಮೆತ್ತಗಿದ್ದು ಕಪ್ಪು ಗಟ್ಟಿಯಿರಬಹುದು. ಹಾಗೇ ಕಟ್ಟಿ ಎಳೆದರೆ ಮೆತ್ತನೆಯ ಬಣ್ಣ ತುದಿಗಳಿಂದ ಹೊರಗೆ ಜಾರುತ್ತದೆ, ಗಟ್ಟಿಯದು ನಡುವೆ ಉಳಿಯುತ್ತದೆ, ಚಿತ್ರ ಸೊಟ್ಟಗಾಗುತ್ತದೆ. ಮೆತ್ತನೆಯದನ್ನು ಹಾಳೆ ಮಾಡಿ ಎರಡು ಬಿಳಿ ಕಾಗದಗಳ ನಡುವೆ ಇಟ್ಟು ಮೇಲೆ ಭಾರ ಹೇರಿ. ಒಂದೆರಡು ಗಂಟೆಯಲ್ಲಿ ಕಾಗದದ ಮೇಲೆ ಎಣ್ಣೆಯಂಥ ಕಲೆ ಮೂಡುತ್ತದೆ. ಅದು ಹೀರಿಹೋದ ಪ್ಲಾಸ್ಟಿಸೈಜರ್. ಗಟ್ಟಿಯಾದುದಕ್ಕೆ ಇದರ ತಿರುವು: ಕ್ಲೇ ಸಾಫ್ಟನರ್ ಒಂದೆರಡು ಹನಿ ಹಾಕಿ ನಾದಿ. ಎಲ್ಲ ಬಣ್ಣಗಳಿಂದ ಗೋಲಿಯಷ್ಟು ತೆಗೆದು ಸಾಲಾಗಿಟ್ಟು, ಒಂದೇ ಬೆರಳಿನಿಂದ ಒಂದೇ ರಭಸದಲ್ಲಿ ಒತ್ತಿ ನೋಡಿ. ಎಲ್ಲವೂ ಒಂದೇ ಅಗಲಕ್ಕೆ ಹರಡಿದರೆ ಕೇನ್ ಕಟ್ಟಲು ಕೂರಬಹುದು.

ಒಂದು ಬಣ್ಣದಿಂದ ಇನ್ನೊಂದಕ್ಕೆ ಮೆಲ್ಲನೆ ಜಾರುವ ಛಾಯೆ ಬೇಕಾದರೆ ಜೂಡಿತ್ ಸ್ಕಿನ್ನರ್ ತೋರಿಸಿಕೊಟ್ಟ ವಿಧಾನವಿದೆ. ಎರಡು ಬಣ್ಣದ ತ್ರಿಕೋನಗಳನ್ನು ಜೋಡಿಸಿ ಆಯತ ಮಾಡಿ, ಪ್ರತಿ ಸಲವೂ ಒಂದೇ ದಿಕ್ಕಿಗೆ ಮಡಿಚಿ ಮೆಷಿನ್ನಿಗೆ ಕೊಡುತ್ತಾ ಹೋಗುವುದು. ಇಪ್ಪತ್ತು ಮೂವತ್ತು ಸಲ ಹಾಯಿಸಬೇಕಾಗುತ್ತದೆ. ಇದಕ್ಕೆ ಪ್ರೀಮೋದಷ್ಟು ಸಲೀಸು ಇನ್ನೊಂದಿಲ್ಲ. ಕೇಟೋದಲ್ಲಿ ಮಾಡುವವರು ಮೊದಲು ಚೆನ್ನಾಗಿ ನಾದಿಕೊಳ್ಳದಿದ್ದರೆ ಹಾಳೆಯ ಅಂಚು ಹರಿಯುತ್ತದೆ.

ಗೊಂಬೆ, ಮುಖ, ಮೂರ್ತಿ

ಮುಖದ ಸುಕ್ಕು, ಕಣ್ಣಿನ ರೆಪ್ಪೆ, ಬೆರಳಿನ ಗಿಣ್ಣು ಇವನ್ನೆಲ್ಲ ತಿದ್ದಲು ಗಂಟೆಗಟ್ಟಲೆ ಬೇಕು. ಅಷ್ಟು ಹೊತ್ತು ತಿದ್ದಿದರೂ ಆಕಾರ ಕುಸಿಯದೆ ನಿಲ್ಲುವ ಕ್ಲೇ ಇಲ್ಲಿ ಬೇಕಾದದ್ದು. ಸೂಪರ್ ಸ್ಕಲ್ಪಿ ಈ ಕೆಲಸದವರ ಹಳೆಯ ಸಂಗಾತಿ. ಮೈಬಣ್ಣದ, ತುಸು ಬೆಳಕು ಹಾಯುವ ಈ ಕ್ಲೇ 454 ಗ್ರಾಂನ ದೊಡ್ಡ ತುಂಡಾಗಿ ಬರುತ್ತದೆ. ಸಾಮಾನ್ಯ ಬಣ್ಣದ ಪೊಟ್ಟಣಗಳು 57 ಗ್ರಾಂ ಇರುವುದಕ್ಕೆ ಹೋಲಿಸಿ ನೋಡಿ. ಬೆರಳಿನಿಂದ ದೊಡ್ಡ ಆಕಾರ ಎಬ್ಬಿಸಲು ಸೊಗಸು, ಆದರೆ ಸೂಕ್ಷ್ಮ ಗೆರೆಗೆ ಮೆತ್ತಗಾಯಿತು. ಅದರ 'ಫರ್ಮ್' ರೂಪ ಬೂದುಬಣ್ಣದ್ದು, ಬಲು ಬಿಗಿ. ರೆಕ್ಕೆಯ ಗರಿ, ಹಲ್ಲಿನ ಸಾಲು, ಬಟ್ಟೆಯ ಮಡಿಕೆ ಎಲ್ಲ ಚೂಪಾಗಿ ನಿಲ್ಲುತ್ತವೆ. ಬೂದುಬಣ್ಣದ ಮೇಲೆ ನೆರಳು ಚೆನ್ನಾಗಿ ಕಾಣುವುದರಿಂದ ತಪ್ಪು ಎಲ್ಲಿದೆ ಎಂಬುದೂ ಬೇಗ ಕಣ್ಣಿಗೆ ಬೀಳುತ್ತದೆ. ಎರಡನ್ನೂ ಬೆರೆಸಿ ತಮಗೆ ಬೇಕಾದ ಹದ ಮಾಡಿಕೊಳ್ಳುವವರು ತುಂಬಾ ಜನ. ನಾನು ಅರ್ಧಕ್ಕರ್ಧ ಬೆರೆಸುತ್ತೇನೆ.

ಬಣ್ಣ ಬಳಿಯದೆ ಚರ್ಮದ ಕಾಂತಿಯೇ ಕಾಣಬೇಕು ಎನ್ನುವ ಗೊಂಬೆಗೆ ಸೆರ್ನಿಟ್ ಸರಿಸಾಟಿಯಿಲ್ಲದ್ದು. ಬೆಂದ ಮೇಲೆ ಪಿಂಗಾಣಿಯ ಹಾಗೆ ಒಳಗಿನಿಂದ ಸ್ವಲ್ಪ ಬೆಳಕು ಹೊಮ್ಮುತ್ತದೆ. ಗೊಂಬೆಗೂ ಪಾಲಿಮರ್ ಕ್ಲೇಗೂ ನಂಟು ಹಳೆಯದು. ಜರ್ಮನಿಯ ಹೆಸರಾಂತ ಗೊಂಬೆ ತಯಾರಕಿ ಕೇಟೆ ಕ್ರೂಸೆ ಅವರ ಮಗಳು ಸೋಫಿಗೆ ಮನೆಯಲ್ಲಿ ಫಿಫಿ ಎಂದು ಕರೆಯುತ್ತಿದ್ದರು. ಆಕೆ ರೂಪಿಸಿದ ಮಾಡೆಲಿಂಗ್ ವಸ್ತುವೇ ಮುಂದೆ ಫಿಮೋ ಆಯಿತು, ಹೆಸರಿನ ಮೊದಲಕ್ಷರವೂ ಆ ಫಿಫಿಯದೇ.

ಎತ್ತರದ ಮೂರ್ತಿಯನ್ನು ಪೂರ್ತಿ ಕ್ಲೇಯಿಂದಲೇ ತುಂಬಬೇಡಿ. ಅಲ್ಯೂಮಿನಿಯಂ ಫಾಯಿಲ್ಲನ್ನು ಬಿಗಿಯಾಗಿ ಉಂಡೆ ಕಟ್ಟಿ, ತಂತಿಯ ಎಲುಬು ಕೊಟ್ಟು, ಅದರ ಮೇಲೆ ಅರ್ಧ ಇಂಚಿಗಿಂತ ಕಡಿಮೆ ದಪ್ಪದ ಕ್ಲೇ ಹೊದಿಸಿ. ತೂಕ ಇಳಿಯುತ್ತದೆ, ಒಳಗಿನವರೆಗೂ ಬೇಯುತ್ತದೆ, ಬಿರುಕು ಬೀಳುವುದು ಕಡಿಮೆಯಾಗುತ್ತದೆ. ಒಳಗೆ ಥರ್ಮೋಕೋಲ್ ಇಡುವ ಯೋಚನೆ ಬೇಡ, ಓವನ್ನಿನ ಕಾವಿಗೆ ಅದು ಕರಗಿ ಕುಗ್ಗುತ್ತದೆ.

ಬೆಳಕು ಹಾಯಬೇಕಾದಲ್ಲಿ

ದೀಪದ ಹೊದಿಕೆ, ಹೂವಿನ ಎಸಳು, ಕಲ್ಲು-ಹರಳಿನ ಅನುಕರಣೆ ಇವಕ್ಕೆ ಅರೆಪಾರದರ್ಶಕ ಕ್ಲೇ. ಎಲ್ಲ ಬ್ರ್ಯಾಂಡಿನಲ್ಲೂ ಇದು ಸಿಗುತ್ತದೆ, ಎಲ್ಲವೂ ಒಂದೇ ಅಲ್ಲ. ಸ್ವಚ್ಛವಾಗಿ ಬೆಳಕು ಹಾಯಲು ಪಾರ್ಡೋ ಮುಂದು. ಜೇನುಮೇಣ ಸೇರಿಸಿ ಮಾಡಿದ ಕ್ಲೇ ಅದು. ತೆಳ್ಳಗೆ ಲಟ್ಟಿಸಿ ಬೇಕ್ ಮಾಡಿದರೆ ಅಚ್ಚಿನ ಅಕ್ಷರದ ಮೇಲಿಟ್ಟು ಓದಬಹುದು. ಸೆರ್ನಿಟ್ಟಿನದು ಹಾಲು ಬೆರೆಸಿದಂತಿರುತ್ತದೆ, ಅಷ್ಟೇ ಬಲವೂ ಇರುತ್ತದೆ. ಯಾವುದನ್ನೇ ಕೊಂಡರೂ ಓವನ್ನಿನಿಂದ ತೆಗೆದ ಬಿಸಿ ವಸ್ತುವನ್ನು ನೇರ ಐಸ್ ನೀರಿಗೆ ಹಾಕಿ ನೋಡಿ. ಇನ್ನೊಂದು ಸುತ್ತು ತಿಳಿಯಾಗುತ್ತದೆ. ಒಳಗೆ ಅರ್ಧಚಂದ್ರದಂಥ ಮಚ್ಚೆಗಳು ಮೂಡಿದ್ದರೆ ನಾದುವಾಗ ಗಾಳಿ ಸೇರಿರಬಹುದು. ಹಾಳೆಯನ್ನು ಮೆಷಿನ್ನಿಗೆ ಕೊಡುವಾಗ ಮಡಿಕೆಯ ಕಡೆಯನ್ನು ಮೊದಲು ಒಳಗೆ ಬಿಡಿ, ಗಾಳಿ ಹಿಂದಿನಿಂದ ಹೊರಹೋಗುತ್ತದೆ.

ಮಕ್ಕಳ ಕೈಗೆ, ಸಣ್ಣಪುಟ್ಟ ವಸ್ತುವಿಗೆ

ಮೆತ್ತನೆಯ ಕ್ಲೇಗೆ ಇಲ್ಲಿ ಒಳ್ಳೆಯ ಕೆಲಸವಿದೆ. ಫ್ರಿಜ್ ಮ್ಯಾಗ್ನೆಟ್, ದಪ್ಪ ಮಣಿ, ಪೆನ್ನಿನ ಮೇಲಿನ ಪುಟ್ಟ ಪ್ರಾಣಿ ಇವಕ್ಕೆ ಸ್ಕಲ್ಪಿ ತ್ರೀ, ಫಿಮೋ ಸಾಫ್ಟ್, ಫಿಮೋ ಕಿಡ್ಸ್ ಸಾಕು. ಚಿಕ್ಕ ಮಗುವಿನ ಕೈಗೆ ಕೇಟೋ ಕೊಟ್ಟರೆ ನಾದುವುದರಲ್ಲೇ ಅದರ ಉತ್ಸಾಹ ಮುಗಿದುಹೋಗುತ್ತದೆ. ಬೇಕ್ ಮಾಡುವುದು ಮಾತ್ರ ದೊಡ್ಡವರೇ. ದ್ರವರೂಪದ ಕ್ಲೇ ಕೂಡ ಇದೆ, ಬೆಂದ ತುಂಡಿಗೆ ಹೊಸ ತುಂಡು ಅಂಟಿಸಲು ಅದು ಅಂಟಿನಂತೆ ನೆರವಾಗುತ್ತದೆ.

ಯಾವ ಕ್ಲೇ ಆದರೂ ಮರೆಯಬಾರದ್ದು

ಪೊಟ್ಟಣ ಗಟ್ಟಿಯಾಗಿದೆ ಎಂದರೆ ಹಳೆಯದಾಗಿದೆ ಎಂದು ಮಾತ್ರ ಅರ್ಥವಲ್ಲ. ಬಿಸಿಲಿಗೆ ಸಿಕ್ಕಿ ಅರ್ಧ ಬೆಂದಿರಲೂಬಹುದು. ಸಾಫ್ಟನರ್ ಹಾಕಿ ನಾದಿದರೂ ಒಳಗೆ ಗಟ್ಟಿ ಕಾಳು ಸಿಗುತ್ತಿದ್ದರೆ ಅದು ಬೆಂದ ಕ್ಲೇ, ಬಿಟ್ಟುಬಿಡಿ. ಹಸಿ ಕ್ಲೇ ಕೆಲವು ಪ್ಲಾಸ್ಟಿಕ್ಕುಗಳನ್ನು ತಿನ್ನುತ್ತದೆ. ಗಾಜಿನಂತೆ ಸ್ವಚ್ಛವಾದ ಗಡಸು ಡಬ್ಬಿಯಲ್ಲಿಟ್ಟರೆ ಡಬ್ಬಿಯ ತಳ ಅಂಟಂಟಾಗಿ ಕರಗಿರುತ್ತದೆ. ಪಾಲಿಎಥಿಲೀನ್, ಪಾಲಿಪ್ರೊಪಿಲೀನ್ ಡಬ್ಬಿಗಳಿಗೆ ಏನೂ ಆಗುವುದಿಲ್ಲ. ವಾರ್ನಿಷ್ ಹಚ್ಚಿದ ಮೇಜಿನ ಮೇಲೂ ಹಸಿ ಕ್ಲೇ ಬಿಟ್ಟು ಹೋಗಬೇಡಿ, ಗುರುತು ಉಳಿದುಬಿಡುತ್ತದೆ.

ಮೇಲಿನ ಲೇಪವನ್ನು ನೀರು ಆಧಾರಿತ ವಾರ್ನಿಷ್‌ಗೇ ಸೀಮಿತಗೊಳಿಸಿ. ಉಗುರುಬಣ್ಣ, ಡಬ್ಬಿಯಿಂದ ಸಿಂಪಡಿಸುವ ಹಲವು ಸ್ಪ್ರೇಗಳು ಮೊದಲ ದಿನ ಚೆನ್ನಾಗಿ ಕಂಡು, ವಾರ ಕಳೆದಂತೆ ಅಂಟತೊಡಗುತ್ತವೆ. ಆಮೇಲೆ ಆ ಅಂಟು ಹೋಗುವುದೇ ಇಲ್ಲ. ಊಟದ ತಟ್ಟೆ, ಲೋಟದ ಒಳಮೈ, ಚಮಚದ ಬಾಯಿ ಇವುಗಳಿಗೆ ಪಾಲಿಮರ್ ಕ್ಲೇ ಸಲ್ಲದು. ಕ್ಲೇಗೆ ಬಳಸಿದ ಪಾಸ್ತಾ ಮೆಷಿನ್ ಮತ್ತೆ ಅಡುಗೆಗೆ ಬರಬಾರದು. ಮೈಕ್ರೋವೇವ್ ಕೂಡದು. ಓವನ್ನಿನಲ್ಲಿ ಕ್ಲೇ ಸುಟ್ಟು ಕರಕಲಾಗಿ ಹೊಗೆ ಬಂದರೆ ಅದರಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ, ಕಣ್ಣು ಗಂಟಲು ಉರಿಯುತ್ತದೆ. ಓವನ್ ಆರಿಸಿ, ಕಿಟಕಿ ತೆರೆದು ಕೋಣೆಯಿಂದ ಹೊರಗೆ ಬನ್ನಿ.

ಒಂದೇ ಬಗೆ ಕೊಳ್ಳಬೇಕು, ಏನು ಮಾಡುತ್ತೇನೆ ಎಂದು ಇನ್ನೂ ತೀರ್ಮಾನಿಸಿಲ್ಲ ಎನ್ನುವವರಿಗೆ ಪ್ರೀಮೋ ಎಂದು ಕಣ್ಣುಮುಚ್ಚಿ ಹೇಳುತ್ತೇನೆ. ಬಿಳಿ, ಕಪ್ಪು, ಅರೆಪಾರದರ್ಶಕ, ಜೊತೆಗೆ ಕೆಂಪು, ಹಳದಿ, ನೀಲಿ. ಉಳಿದ ಬಣ್ಣಗಳನ್ನು ನೀವೇ ಬೆರೆಸಿಕೊಳ್ಳಬಹುದು. ಬಿಳಿ ಮಾತ್ರ ಎರಡು ಪೊಟ್ಟಣ ಇರಲಿ, ಅದು ಎಲ್ಲಕ್ಕಿಂತ ಮೊದಲು ಖರ್ಚಾಗುತ್ತದೆ. ಅದನ್ನು ಮುಟ್ಟುವ ಮುನ್ನ ಕೈ ಒರೆಸಿಕೊಳ್ಳಿ, ಬಿಳಿಯ ಮೇಲೆ ಬಟ್ಟೆಯ ಒಂದು ಎಳೆ ಕೂತರೂ ಎದ್ದು ಕಾಣುತ್ತದೆ.

ಹೊಸ ಬ್ರ್ಯಾಂಡ್ ತಂದಾಗಲೆಲ್ಲ ಮೊದಲ ತುಂಡನ್ನು ವಸ್ತುವಿಗೆ ಬಳಸಬೇಡಿ. ಬೆರಳಗಲದ, ಎರಡು ಮಿಲಿಮೀಟರ್ ದಪ್ಪದ ಪಟ್ಟಿ ಮಾಡಿ, ತುದಿಯಲ್ಲಿ ತೂತು ಕೊರೆದು, ಪೊಟ್ಟಣ ಹೇಳಿದ ಕಾವಿಗೆ ಬೇಕ್ ಮಾಡಿ. ಪೂರ್ತಿ ಆರಿದ ಮೇಲೆ ಬಗ್ಗಿಸಿ ನೋಡಿ, ಬಿಸಿಯಿದ್ದಾಗ ಎಲ್ಲವೂ ಬಾಗುತ್ತವೆ. ಎರಡು ಬ್ರ್ಯಾಂಡ್ ಬೆರೆಸುವುದಿದ್ದರೆ ಬೆರಕೆಗೂ ಒಂದು ಪಟ್ಟಿ. ಹಿಂದೆ ಹೆಸರು, ಉಷ್ಣತೆ, ನಿಮಿಷ ಬರೆದಿಡಿ. ನನ್ನ ಓವನ್ ಪಕ್ಕದ ಮೊಳೆಯಲ್ಲಿ ಅಂಥ ಪಟ್ಟಿಗಳ ಗೊಂಚಲೊಂದು ತೂಗುತ್ತಿದೆ. ಅಕ್ಕನ ಮುರಿದ ಎಲೆಯ ಅರ್ಧವೂ ಅದೇ ತಂತಿಯಲ್ಲಿದೆ. ಹೊಸ ಓಲೆಗೆ ಕ್ಲೇ ಆರಿಸುವಾಗ ಮೊದಲು ಅದನ್ನೇ ಬೆರಳಲ್ಲಿ ಹಿಡಿದು ನೋಡುತ್ತೇನೆ.